"ಎಲ್ಲಾದರಲ್ಲಿಯೂ" ಅಂದರೆ ಎಲ್ಲದಕ್ಕೂ ಅಂತಲಾ? ಕಷ್ಟದ ದಿನಗಳಲ್ಲಿ ನೀವು ಹೇಗೆ ಸ್ತೋತ್ರ ಹೇಳುತ್ತೀರಿ?

ಹಾಲಿನ ಕ್ಯಾಲೆಂಡರ್ (ದಾವಣಗೆರೆ)

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಸ್ವಲ್ಪ ಉದ್ದ ಆಗಬಹುದು, ತಾಳ್ಮೆಯಿಂದ ಓದಿ.

ಮಾರ್ಚ್‌ನಲ್ಲಿ ನಮ್ಮ ಮಾವನವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ನಿಂತಿತು. ಮನೆಯಲ್ಲಿ ನಡೆಸುತ್ತಿದ್ದ ಟ್ಯೂಷನ್ ಬಿಟ್ಟೆ. ಈಗ ನನ್ನ ದಿನ ಅಂದರೆ ಎರಡೆರಡು ಗಂಟೆಯ ತುಂಡುಗಳು. ಬೆನ್ನು ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಅಷ್ಟೆ. ಅಲಾರಂ ಇಟ್ಟುಕೊಳ್ಳುತ್ತೇವೆ. ಒಂದು ಸಲ ನಾನು ಏಳುತ್ತೇನೆ, ಇನ್ನೊಂದು ಸಲ ನಮ್ಮ ಯಜಮಾನರು.

ಏಪ್ರಿಲ್‌ನಲ್ಲಿ ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟಿದ್ದೆವು. ಮುಗಿದ ಮೇಲೆ ಹಿರಿಯ ಸಹೋದರಿಯೊಬ್ಬರು ನನ್ನ ಕೈ ಹಿಡಿದು, "ಇದಕ್ಕೂ ಸ್ತೋತ್ರ ಹೇಳಮ್ಮಾ, ವಾಕ್ಯದಲ್ಲಿ ಇದೆಯಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಅವತ್ತು ರಾತ್ರಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಲಕ್ವಕ್ಕೆ ಸ್ತೋತ್ರ ಹೇಳಲು ನನ್ನ ಬಾಯಿ ಬರಲಿಲ್ಲ. ನನ್ನ ನಂಬಿಕೆಯೇ ಸಣ್ಣದು ಅನ್ನಿಸಿತು.

ವಾರ ಕಳೆದ ಮೇಲೆ ಆ ವಾಕ್ಯವನ್ನೇ ತೆಗೆದು ಓದಿದೆ. ಬೈಬಲ್‌ನಲ್ಲಿ ಪೌಲ ಥೆಸಲೋನಿಕದ ಸಭೆಗೆ ಬರೆದ ಮೊದಲ ಪತ್ರ, 1 ಥೆಸಲೋನಿಕ 5:18. "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ." ಚಿಕ್ಕಂದಿನಿಂದ ಕೇಳಿದ ಮಾತು. ಅವತ್ತು ಮಾತ್ರ ಆ "ಲ್ಲಿ" ಕಣ್ಣಿಗೆ ಬಿತ್ತು. "ಎಲ್ಲಾದಕ್ಕಾಗಿ" ಅಂತ ಇಲ್ಲ, "ಎಲ್ಲಾದರಲ್ಲಿಯೂ" ಅಂತ ಇದೆ. ಲಕ್ವಕ್ಕಾಗಿ ಅಲ್ಲ, ಲಕ್ವ ಬಂದಿರುವ ಈ ಮನೆಯಲ್ಲಿ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು.

ನಮ್ಮಲ್ಲಿ ಹಾಲಿನ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇವೆ. ಆ ಚೌಕದಲ್ಲಿ, "1 ಲೀ." ಅಂತ ಬರೆದ ಕೆಳಗೆ, ಮಲಗುವ ಮೊದಲು ಒಂದೇ ಒಂದು ಸಂಗತಿ ಬರೆಯಲು ಶುರು ಮಾಡಿದೆ. "ಇಡ್ಲಿ ಕೆಮ್ಮದೆ ನುಂಗಿದರು." "ಪಕ್ಕದ ಮನೆ ಆಂಟಿ ಒಂದು ಗಂಟೆ ಕೂತರು, ನಾನು ಮಲಗಿದೆ." "ಹೆಬ್ಬೆರಳು ಅಲುಗಿತು." "ಸಂಜೆ ಮಳೆ, ಬೆಡ್‌ಶೀಟ್ ಮೊದಲೇ ಎತ್ತಿದ್ದೆ." ಇಷ್ಟೇ. ಬರೆದು, "ಕರ್ತನೇ ಸ್ತೋತ್ರ" ಅಂತ ಹೇಳಿ ದೀಪ ಆರಿಸುತ್ತೇನೆ.

41 ದಿನ ಆಯಿತು. ಅದರಲ್ಲಿ ಮೂರು ಚೌಕ ಖಾಲಿ ಇವೆ. ಆ ಮೂರು ದಿನ ಏನೂ ಹೊಳೆಯಲಿಲ್ಲ, ಹುಡುಕುವ ಮನಸ್ಸೂ ಇರಲಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ? ಖಾಲಿ ದಿನಗಳನ್ನು ಏನು ಮಾಡುತ್ತೀರಿ? ಮನಸ್ಸು ಬಿಚ್ಚಿ ಬರೆಯಿರಿ.

ಸ್ತೋತ್ರಗೀತೆ (ಹುಬ್ಬಳ್ಳಿ)

ಓದುತ್ತಾ ಕಣ್ಣು ತುಂಬಿತು ಅಕ್ಕಾ. ಮಾವನವರನ್ನು ನಮ್ಮ ಬುಧವಾರದ ಕೂಟದಲ್ಲಿ ನೆನೆಸಿಕೊಳ್ಳುತ್ತೇವೆ.

ತೆನೆ (ಮಂಗಳೂರು)

ನಾವು ಕೊಂಕಣಿ ಮಾತಾಡುವ ಕಥೊಲಿಕರು. ನಮ್ಮ ಮನೆಯಲ್ಲಿ ಕೃತಜ್ಞತೆ ಅನ್ನುವುದಕ್ಕೆ ಒಂದು ತಾರೀಕು ಇದೆ. ಸೆಪ್ಟೆಂಬರ್ 8, ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕಿಂತ ಮೊದಲು ಒಂಬತ್ತು ದಿನ ಮಕ್ಕಳು ಚರ್ಚಿಗೆ ಹೂ ತರುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಫಾದರ್ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನಸ್ಸಿಗೆ ಬಂದಾಗ ಥ್ಯಾಂಕ್ಸ್ ಹೇಳುವುದು ಬೇರೆ, ತಾರೀಕು ಬಂದಾಗ ಹೇಳುವುದು ಬೇರೆ. ಎರಡನೆಯದು ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ನಮ್ಮ ಗದ್ದೆ ಮಾರಿ ಎಷ್ಟೋ ವರ್ಷ ಆಯಿತು. ಈಗ ಬರುವ ತೆನೆ ಯಾರ ಗದ್ದೆಯದೋ. ಗದ್ದೆ ಹೋದ ವರ್ಷ ಅಪ್ಪ ಚರ್ಚಿಗೆ ಬರುವುದಿಲ್ಲವೇನೋ ಅಂದುಕೊಂಡಿದ್ದೆವು. ಬಂದರು. ತೆನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆವರೆಗೆ ನಡೆದೇ ಬಂದರು. ಆಮೇಲೆ ದೇವರ ಪೀಠದ ಮುಂದೆ ಕೂತು ಉಗುರಿನಲ್ಲಿ ಒಂದೊಂದೇ ಕಾಳಿನ ಸಿಪ್ಪೆ ಬಿಡಿಸಿದರು. ಹಸಿ ಕಾಳು, ಒತ್ತಿದರೆ ಹಾಲು ಬರುತ್ತದೆ. ಅದನ್ನು ಅರೆದು ಪಾಯಸಕ್ಕೆ ಬೆರೆಸುವುದು ನಮ್ಮ ಪದ್ಧತಿ. ಇದಕ್ಕೆ ನಾವು ನೊವೆಂ ಅನ್ನುತ್ತೇವೆ. ಅವತ್ತು ಮನೆಯಲ್ಲಿ ಮೀನು ಮಾಂಸ ಇಲ್ಲ, ಬಾಳೆ ಎಲೆ ಊಟ. ಕೆಲವು ಕಾಳನ್ನು ಅಪ್ಪ ಬೇರೆ ಎತ್ತಿಟ್ಟರು. ಗಲ್ಫ್‌ನಲ್ಲಿರುವ ಅಣ್ಣನಿಗೆ ಲಕೋಟೆಯಲ್ಲಿ ಕಳಿಸಲು.

ಅಪ್ಪನಿಗೆ ದುಃಖ ಇರಲಿಲ್ಲ ಅಂತಲ್ಲ. ಊಟದ ಮೊದಲು ಪ್ರಾರ್ಥನೆ ಮಾಡುವಾಗ ಅರ್ಧಕ್ಕೇ ಮಾತು ನಿಂತಿತು, ಉಳಿದದ್ದನ್ನು ಅಮ್ಮ ಮುಗಿಸಿದರು. ಆದರೂ ಪಾಯಸ ಬಡಿಸಿದರು. ಹಾಗಾಗಿ ಖಾಲಿ ಚೌಕದ ಬಗ್ಗೆ ನನ್ನ ಉತ್ತರ ಇದು: ಅವತ್ತು ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಬರೆಯಲಿ.

ಹೆಸರು ಬೇಡ

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಎರಡು ವರ್ಷದ ಹಿಂದೆ ನಮ್ಮ ಮಗಳು ಹೋದಳು. ಜ್ವರ ಅಂತ ಕರೆದುಕೊಂಡು ಹೋದದ್ದು. ಜಾಸ್ತಿ ಬರೆಯಲಾರೆ. ಮೂರನೇ ದಿನ ಮನೆಗೆ ಬಂದವರೊಬ್ಬರು ನನಗೆ ಹೇಳಿದರು: "ಕರ್ತನು ಕೊಟ್ಟ, ಕರ್ತನು ತಗೊಂಡ. ಯೋಬನ ಹಾಗೆ ಸ್ತೋತ್ರ ಹೇಳು, ಮನಸ್ಸು ಹಗುರ ಆಗ್ತದೆ." ನಾನು ಏಳು ತಿಂಗಳು ಚರ್ಚಿಗೆ ಹೋಗಲಿಲ್ಲ. ಹಾಡು ಕೇಳಿದರೆ ಹೊಟ್ಟೆ ಕಿವುಚುತ್ತಿತ್ತು.

ಆಮೇಲೆ ಯೋಬನ ಪುಸ್ತಕ ನಾನೇ ಓದಿದೆ. ಮಕ್ಕಳನ್ನೆಲ್ಲ ಕಳೆದುಕೊಂಡ ಮೇಲೆ ಆ ಮಾತನ್ನು ಯೋಬ ತಾನಾಗಿ ಹೇಳಿದ. ಯಾರೂ ಅವನ ಬಾಯಿಂದ ಹೇಳಿಸಲಿಲ್ಲ. ಅವನ ಗೆಳೆಯರು ಬಂದು ಮೊದಲ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ನೆ ಕೂತಿದ್ದರು, ಒಬ್ಬರೂ ಒಂದು ಮಾತಾಡಲಿಲ್ಲ. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ಮೊದಲು ಬರೆದ ಅಕ್ಕನಿಗೆ ನನ್ನ ವಿರೋಧ ಇಲ್ಲ. ನಿಮ್ಮ ಕ್ಯಾಲೆಂಡರ್ ನಿಮ್ಮದು, ನೀವೇ ಬರೆದದ್ದು. ಆದರೆ ದಯವಿಟ್ಟು ಯಾರೂ ಅದನ್ನು ಇನ್ನೊಬ್ಬರ ಗೋಡೆಗೆ ಹೊಡೆಯಲು ಹೋಗಬೇಡಿ.

ಹಾಲಿನ ಕ್ಯಾಲೆಂಡರ್ (ದಾವಣಗೆರೆ)

ನಿಮ್ಮ ಮಾತು ನೂರಕ್ಕೆ ನೂರು ನಿಜ. ಬಚ್ಚಲಲ್ಲಿ ಅತ್ತಾಗ ನನಗೆ ಬೇಕಾಗಿದ್ದದ್ದೂ ಅದೇ, ಯಾರಾದರೂ ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ನಿಮ್ಮ ಮಗಳನ್ನು ಇವತ್ತು ನೆನೆಯುತ್ತೇನೆ. ಬೇರೆ ಏನೂ ಹೇಳುವುದಿಲ್ಲ.

ಕೀರ್ತನೆ 88 (ಧಾರವಾಡ)

ನಾನು ನಿವೃತ್ತ ಮೇಷ್ಟ್ರು, ಸಭೆಯಲ್ಲಿ ಆಗಾಗ ವಾಕ್ಯ ಹೇಳುವವನು. "ಹೆಸರು ಬೇಡ" ಅವರಿಗೆ ಮೊದಲು ಕೈಮುಗಿಯುತ್ತೇನೆ. ನಮ್ಮಂಥವರು ವೇದಿಕೆಯ ಮೇಲೆ ನಿಂತು ಬೇಗ ಬೇಗ ಹೇಳಿಬಿಡುವ ಮಾತಿನಿಂದ ಎಷ್ಟು ಗಾಯ ಆಗುತ್ತದೆ ಅಂತ ನಾನೂ ತಡವಾಗಿ ಕಲಿತೆ.

150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಾಟ. ಅದರಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತು ಹಾಕಲಿಲ್ಲ. "ನನ್ನ ಮನವೇ, ಯೆಹೋವನನ್ನು ಕೊಂಡಾಡು, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ" ಅನ್ನುವ 103ನೆಯದೂ ಅದೇ ಪುಸ್ತಕದಲ್ಲಿದೆ. ಎರಡನ್ನೂ ಒಂದೇ ಜನ ಹಾಡಿದರು. ಇನ್ನೊಂದು ಗಮನಿಸಿ, ದಾವೀದ ಅಲ್ಲಿ ಪಕ್ಕದವನಿಗೆ ಹೇಳುತ್ತಿಲ್ಲ. ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಿದ್ದಾನೆ.

ಈಗ ಆ "ಲ್ಲಿ" ವಿಷಯ. ತಂಗಿ, ನೀವು ಸರಿಯಾಗಿಯೇ ಹಿಡಿದಿದ್ದೀರಿ. ಗ್ರೀಕ್ ಮೂಲದಲ್ಲೂ ಅಲ್ಲಿ "ಎನ್ ಪಂತಿ" ಅಂತಲೇ ಇದೆ, ಎಲ್ಲದರಲ್ಲಿ. ಆದರೆ ಎಫೆಸ 5:20ರಲ್ಲಿ ಎಲ್ಲದಕ್ಕಾಗಿ ಸ್ತೋತ್ರ ಮಾಡಿರಿ ಅಂತಲೂ ಇದೆ. ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಾನು ಅದನ್ನು ಹೀಗೆ ಓದುತ್ತೇನೆ: ಅಲ್ಲಿ ಸಭೆ ಕೂಡಿ ಹಾಡುತ್ತಿರುವ ಸಂದರ್ಭ. ಸಾವಿನ ಮನೆಯ ಬಾಗಿಲಲ್ಲಿ ನಿಂತು ಆಡಿದ ಮಾತಲ್ಲ. ಒಂದು ಜೀವನವನ್ನು ಹಿಂದಿರುಗಿ ನೋಡಿ "ಎಲ್ಲದಕ್ಕೂ" ಅನ್ನಲು ವರ್ಷಗಳು ಹಿಡಿಯುತ್ತವೆ. ಕೆಲವರಿಗೆ ಈ ಜನ್ಮದಲ್ಲಿ ಆಗದೆ ಇರಬಹುದು. ಅದು ಅವರ ಮತ್ತು ದೇವರ ನಡುವಿನ ವಿಷಯ.

ಥೆಸಲೋನಿಕದವರು ಯಾರು ಅಂತಲೂ ನೋಡಬೇಕು. ಪೌಲ ಆ ಊರಿನಿಂದ ರಾತ್ರೋರಾತ್ರಿ ಹೊರಡಬೇಕಾಯಿತು, ಅಪೊಸ್ತಲರ ಕೃತ್ಯಗಳು 17ರಲ್ಲಿ ಇದೆ. ಅಲ್ಲಿ ಉಳಿದ ವಿಶ್ವಾಸಿಗಳು ಹೊಡೆತ ತಿಂದರು. ಅದೇ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಅವರು ತೀರಿಹೋದ ತಮ್ಮವರಿಗಾಗಿ ದುಃಖದಲ್ಲಿದ್ದಾರೆ. ಪೌಲ ಅವರಿಗೆ ದುಃಖಪಡಲೇಬೇಡಿ ಅನ್ನಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ. 5:18 ಬಂದದ್ದು ಈ ಮಾತಿನ ನಂತರ.

ಇನ್ನೊಂದು ಸಂಗತಿ, ನಮ್ಮ ಧಾರವಾಡ ಕಡೆಯ ಸಭೆಗಳಿಗೆ ಹತ್ತಿರದ್ದು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರು ತಂದ ಜರ್ಮನ್ ರಾಗಗಳನ್ನು ನಾವು ಇಂದಿಗೂ ಕನ್ನಡದಲ್ಲಿ ಹಾಡುತ್ತೇವೆ. ಅದೇ ಜರ್ಮನ್ ನಾಡಿನ ಐಲೆನ್‌ಬುರ್ಗ್ ಎಂಬ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿ ಇದ್ದರು. ಮೂವತ್ತು ವರ್ಷದ ಯುದ್ಧದ ಕಾಲ. 1637ರಲ್ಲಿ ಊರಿಗೆ ಪ್ಲೇಗ್ ಬಂತು. ಅವರು 4,000ಕ್ಕೂ ಹೆಚ್ಚು ಜನರ ಶವಸಂಸ್ಕಾರ ಮಾಡಿದರು. ಅದರಲ್ಲಿ ಅವರ ಹೆಂಡತಿಯೂ ಒಬ್ಬರು. ಲೋಕದ ಎಷ್ಟೋ ಚರ್ಚುಗಳಲ್ಲಿ ಇಂದಿಗೂ ಹಾಡುವ ಒಂದು ಕೃತಜ್ಞತೆಯ ಹಾಡು ಅವರದು. ಅದು ಮೊದಲು ಮನೆಯಲ್ಲಿ ಹೇಳುವ ಊಟದ ಪ್ರಾರ್ಥನೆಯಾಗಿತ್ತು. ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ. ಊಟದ ತಟ್ಟೆಯ ಮುಂದೆ ದಿನಾ ಕಲಿತ ಮಾತು, ಕೆಟ್ಟ ವರ್ಷ ಬಂದಾಗ ಬಾಯಲ್ಲಿತ್ತು.

ನೈಟ್ ಡ್ಯೂಟಿ (ಡಬ್ಲಿನ್)

ಮೊದಲು ದಾವಣಗೆರೆ ಅಕ್ಕನಿಗೆ ಒಂದು ಮಾತು, ನಾನು ನರ್ಸ್. ಮಾವನವರಿಗೆ ತಿನ್ನಿಸುವಾಗ ಪೂರ್ತಿ ನೇರ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಇರಲಿ, ಸಣ್ಣ ತುತ್ತು. ತಿಂದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮು ಜಾಸ್ತಿ ಆದರೆ ಡಾಕ್ಟರಿಗೆ ತಪ್ಪದೆ ಹೇಳಿ. ನಿಮ್ಮ ನಿದ್ದೆಯನ್ನೂ ನೋಡಿಕೊಳ್ಳಿ.

ನನಗೆ ಲೂಕ 17ರ, ಯೇಸು ಗುಣಪಡಿಸಿದ ಹತ್ತು ಕುಷ್ಠರೋಗಿಗಳ ಕಥೆ ಇಷ್ಟ. ನಾವು ಸಂಡೇ ಸ್ಕೂಲಿನಲ್ಲಿ ಆ ಒಂಬತ್ತು ಜನರನ್ನು ಬೈದುಕೊಂಡೇ ಬೆಳೆದೆವು. ಆದರೆ ಅವರು ತಪ್ಪೇನು ಮಾಡಿದರು? ಯಾಜಕರಿಗೆ ತೋರಿಸಿಕೊಳ್ಳಿ ಅಂತ ಯೇಸುವೇ ಹೇಳಿದ್ದ, ಅವರು ಹೊರಟರು. ಅವಸರ ಇರುತ್ತದಲ್ವಾ, ಎಷ್ಟು ವರ್ಷದಿಂದ ಮನೆ ಬಿಟ್ಟವರೋ. ಹತ್ತನೆಯವನು, ಸಮಾರ್ಯದವನು ಮಾತ್ರ ದಾರಿಯಲ್ಲಿ ನಿಂತು ಸ್ತೋತ್ರ ಹೇಳಲು ಹಿಂದಕ್ಕೆ ಬಂದ. ನಾನು ಈ ಒಂದನ್ನೇ ಹಿಡಿದುಕೊಂಡಿದ್ದೇನೆ: ಹಿಂದಕ್ಕೆ ಬರುವುದು.

ಡ್ಯೂಟಿ ಮುಗಿದಾಗ ಕಾಲು ಸೀದಾ ಬಸ್ ಸ್ಟಾಪಿಗೆ ಎಳೆಯುತ್ತದೆ. ಅವತ್ತು ನನಗೆ ಸಹಾಯ ಮಾಡಿದ ಒಬ್ಬರ ಹತ್ತಿರ ವಾಪಸ್ ಹೋಗುತ್ತೇನೆ. ಎಷ್ಟೋ ಸಲ ಅದು ನೆಲ ಒರೆಸುವವರು. "ರಾತ್ರಿ ಆ ರೂಮನ್ನು ನೀವು ಬೇಗ ಸ್ವಚ್ಛ ಮಾಡಿದ್ದಕ್ಕೆ ರೋಗಿಗೆ ನಿದ್ದೆ ಬಂತು" ಅಂತ, ಏನಕ್ಕೆ ಅಂತ ಸರಿಯಾಗಿ ಹೇಳುತ್ತೇನೆ. ಎರಡು ನಿಮಿಷ. ಕೆಲವು ಸಲ ಆ ಬಸ್ ತಪ್ಪುತ್ತದೆ.

ಮನೆಯವರಿಗೆ ಹೇಳುವುದು ಇನ್ನೂ ಕಷ್ಟ. ಕನ್ನಡದಲ್ಲಿ ನಾವು ಅಮ್ಮನಿಗೆ ಧನ್ಯವಾದ ಅಂದರೆ ಅವರು ಗಾಬರಿ ಆಗುತ್ತಾರೆ. ನಮ್ಮ ಅಜ್ಜಿ ಯಾರಾದರೂ ಒಂದು ಲೋಟ ನೀರು ಕೊಟ್ಟರೂ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತಿದ್ದರು. ಥ್ಯಾಂಕ್ಸ್ ಅಂದರೆ ಲೆಕ್ಕ ಮುಗಿಯಿತು ಅನ್ನುವ ಹಾಗೆ ಕೇಳುತ್ತದೆ. ಅಜ್ಜಿಯ ಮಾತು ಹಾಗಲ್ಲ, ಅದು ಕೊಟ್ಟವರಿಗಾಗಿ ಮಾಡುವ ಪ್ರಾರ್ಥನೆ.

ಕಳೆದ ತಿಂಗಳು ಅಮ್ಮನಿಗೆ ಫೋನ್ ಮಾಡಿ, "ನರ್ಸಿಂಗ್ ಓದುವಾಗ ನೀನು ಬೆಳಗ್ಗೆ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟುತ್ತಿದ್ದೆಯಲ್ಲ, ಅದನ್ನು ನಾನು ಒಂದು ದಿನವೂ ನಿನಗೆ ಹೇಳಲಿಲ್ಲ" ಅಂದೆ. ಅಮ್ಮ ಏನೂ ಮಾತಾಡಲಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, "ಊಟ ಆಯ್ತಾ ಮಗಾ" ಅಂದರು, ದನಿ ಬೇರೆಯಾಗಿತ್ತು.

ಹೊಸಬ (ಬೆಂಗಳೂರು)

ಪ್ರಶ್ನೆ ತಪ್ಪಾದರೆ ಕ್ಷಮಿಸಿ. ದಿನಾ ಮೂರು ಒಳ್ಳೆಯ ಸಂಗತಿ ಬರೆಯಿರಿ ಅಂತ ನಮ್ಮ ಆಫೀಸಿನಲ್ಲೂ ಹೇಳುತ್ತಾರೆ, ಫೋನಿನಲ್ಲಿ ಆಪ್ ಕೂಡ ಇದೆ. ದೇವರನ್ನು ನಂಬದವರೂ ಬರೆಯುತ್ತಾರೆ, ಅವರಿಗೂ ಒಳ್ಳೆಯದಾಗುತ್ತದೆ. ಹಾಗಾದರೆ ನಂಬಿಕೆಯಿಂದ ಬರುವ ವ್ಯತ್ಯಾಸ ಏನು?

ತೆನೆ (ಮಂಗಳೂರು)

ತಪ್ಪೇನಿಲ್ಲ, ನಾನೂ ಕೇಳಿಕೊಂಡ ಪ್ರಶ್ನೆ. ಅವರು ಬರೆಯಲಿ, ಒಳ್ಳೆಯದೇ. ನನಗೆ ವ್ಯತ್ಯಾಸ ಇಷ್ಟು: ಪಟ್ಟಿ ಬರೆದ ಮೇಲೆ ಅದನ್ನು ಕೊಡಲು ಒಬ್ಬರು ಇದ್ದಾರೆ. ಕಾಲೇಜಿನಲ್ಲಿ ಜೆಸ್ವಿಟ್ ಫಾದರ್ ಒಬ್ಬರು ಸಂತ ಇಗ್ನಾಸಿಯರ ಆತ್ಮಶೋಧನೆಯನ್ನು ಕಲಿಸಿದರು. ದಿನದ ಕೊನೆಗೆ ಹದಿನೈದು ನಿಮಿಷ. ಪಾಪ ಎಣಿಸುವುದು ಆಮೇಲೆ, ಪಡೆದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವುದು ಮೊದಲು. ಆ ಕ್ರಮ ಬಹಳ ಮುಖ್ಯ. ಪ್ರೀತಿ ಸಿಕ್ಕಿದೆ ಅಂತ ಗೊತ್ತಿದ್ದರೆ ಮಾತ್ರ ತಪ್ಪನ್ನು ಹೆದರದೆ ನೋಡಬಹುದು.

ಕೀರ್ತನೆ 88 (ಧಾರವಾಡ)

ಇದಕ್ಕೆ ಒಂದು ಸೇರಿಸುತ್ತೇನೆ. 1 ಕೊರಿಂಥ 11ರಲ್ಲಿ ಪೌಲ ಬರೆಯುತ್ತಾನೆ, ಯೇಸು ತನ್ನನ್ನು ಹಿಡಿದುಕೊಟ್ಟ ಆ ರಾತ್ರಿಯಲ್ಲಿ ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದ. ಹಿಡಿದುಕೊಟ್ಟದ್ದಕ್ಕೆ ಸ್ತೋತ್ರ ಮಾಡಲಿಲ್ಲ. ಆ ರಾತ್ರಿಯಲ್ಲಿ, ರೊಟ್ಟಿಗಾಗಿ ಮಾಡಿದ. ಇನ್ನು ಸ್ವಲ್ಪ ಹೊತ್ತಿಗೆ ಗೆತ್ಸೆಮನೆ ತೋಟದಲ್ಲಿ ಈ (ಸಂಕಟದ) ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿಕೊಂಡವನೂ ಅವನೇ. ನಾವು ಪ್ರಭುಭೋಜನ ಅನ್ನುತ್ತೇವೆ, ಕಥೊಲಿಕರು ಪರಮಪ್ರಸಾದ ಅನ್ನುತ್ತಾರೆ. ಅದಕ್ಕಿರುವ ಹಳೆಯ ಗ್ರೀಕ್ ಹೆಸರು ಯೂಖರಿಸ್ತಿಯಾ, ಅಂದರೆ ಕೃತಜ್ಞತೆ ಸಲ್ಲಿಸುವುದು. ತಂಗಿಯ "ಲ್ಲಿ" ಅಲ್ಲೂ ಇದೆ.

ಕರಿಮೆಣಸು (ಮೂಡಿಗೆರೆ)

ನಾನು ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಆದರೂ ಹೇಳಬೇಕು ಅನ್ನಿಸಿತು.

2019ರ ಆಗಸ್ಟ್ ಮಳೆ ಮಲೆನಾಡಿನವರಿಗೆ ಗೊತ್ತು. ನಮ್ಮ ತೋಟದ ಮೇಲಿನ ದಿಬ್ಬ ಜಾರಿತು. ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ್ದ ಮರ, ಎಲ್ಲ ಮಣ್ಣಿನ ಜೊತೆ ಕೆಳಗೆ. ಮನೆ ಉಳಿಯಿತು, ಜನ ಉಳಿದೆವು. ಆ ವರ್ಷ ಸುಗ್ಗಿ ಹಬ್ಬದ ಆರಾಧನೆಗೆ ಕೈಯಲ್ಲಿ ಹಿಡಿದು ಹೋಗಲು ಏನೂ ಇರಲಿಲ್ಲ. ಬೇರೆ ವರ್ಷ ಆಗಿದ್ದರೆ ಕಾಫಿ, ಬಾಳೆಗೊನೆ, ಮೆಣಸು ತೆಗೆದುಕೊಂಡು ಹೋಗುತ್ತಿದ್ದೆವು. ಕಾಣಿಕೆಯಾಗಿ ಇಟ್ಟದ್ದನ್ನು ಆರಾಧನೆ ಮುಗಿದ ಮೇಲೆ ಹರಾಜು ಹಾಕುತ್ತಾರೆ. ನಾನು ಹೋಗುವುದಿಲ್ಲ ಅಂದೆ. ನನ್ನ ಹೆಂಡತಿ ಹಿತ್ತಲಿಗೆ ಹೋಗಿ ಮಣ್ಣು ಕೆದಕಿ ಒಂದು ಕೆಸುವಿನ ಗೆಡ್ಡೆ ತಂದಳು. ತೊಳೆದು, ಬಾಳೆ ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

ಅವತ್ತು ಅಯ್ಯನವರು ಹಬಕ್ಕೂಕ 3 ಓದಿದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷೆ ಫಲ ಕೊಡದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ. ಆರು ನಷ್ಟ. ಒಂದೊಂದನ್ನೂ ಹೆಸರಿಟ್ಟು ಹೇಳುತ್ತಾನೆ ಆ ಪ್ರವಾದಿ. ಪರವಾಗಿಲ್ಲ ಅನ್ನುವುದಿಲ್ಲ. ಅದೆಲ್ಲ ಆದ ಮೇಲೆ, ಆದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಅನ್ನುತ್ತಾನೆ. ನಾನು ಕೂತಲ್ಲೇ ನನ್ನ ಪಟ್ಟಿ ಮಾಡಿದೆ: ದಿಬ್ಬ ಹೋಯಿತು, ಅಪ್ಪ ನೆಟ್ಟ ಗಿಡ ಹೋಯಿತು, ಬ್ಯಾಂಕಿನ ಸಾಲ ಹಾಗೇ ಇದೆ. ಅದನ್ನೆಲ್ಲ ದೇವರ ಮುಂದೆ ಜೋರಾಗಿ ಎಣಿಸಿದ ಮೇಲೆ ನನಗೆ "ಆದರೂ" ಅನ್ನಲು ಆಯಿತು. ಮೊದಲೇ ಅಂದಿದ್ದರೆ ಸುಳ್ಳಾಗುತ್ತಿತ್ತು.

ಹರಾಜಿನಲ್ಲಿ ಆ ಒಂದು ಗೆಡ್ಡೆಗೆ 500 ರೂಪಾಯಿ ಕೂಗಿದವರು ನಮಗಿಂತ ಕಷ್ಟದಲ್ಲಿದ್ದವರು. ಅವರು ಗೆಡ್ಡೆಯನ್ನು ವಾಪಸ್ ನನ್ನ ಹೆಂಡತಿಗೇ ಕೊಟ್ಟು, "ನೆಡಿ" ಅಂದರು. ನೆಟ್ಟಿದ್ದೇವೆ. ಈಗ ಹಿತ್ತಲಿನ ಒಂದು ಮೂಲೆ ಪೂರ್ತಿ ಕೆಸುವೇ.

ದಾವಣಗೆರೆ ಅಕ್ಕಾ, ಖಾಲಿ ಚೌಕದಲ್ಲಿ ಏನೂ ಹೊಳೆಯದಿದ್ದರೆ, ಅವತ್ತು ಏನೇನು ಇಲ್ಲ ಅಂತ ಬರೆಯಿರಿ. ಅದೂ ಪ್ರಾರ್ಥನೆಯೇ.

ಸ್ತೋತ್ರಗೀತೆ (ಹುಬ್ಬಳ್ಳಿ)

ಮೂಡಿಗೆರೆ ಅಣ್ಣಾ, ಇದನ್ನು ಬರೆದದ್ದಕ್ಕೆ ನಿಮ್ಮ ಹೊಟ್ಟೆ ತಣ್ಣಗಿರಲಿ.

ಹೆಸರು ಬೇಡ

ಮತ್ತೆ ಬಂದೆ. ಇಲ್ಲಿ ಯಾರೂ ನನಗೆ ಏನೂ ಹೇಳಲು ಬರಲಿಲ್ಲ. ಅದಕ್ಕೇ ಮತ್ತೆ ಬರಲು ಆಯಿತು.

ನೆನ್ನೆ ರಾತ್ರಿ ಕೆಸುವಿನ ಗೆಡ್ಡೆಯ ವಿಷಯ ಓದಿದ ಮೇಲೆ ನಾನೂ ಇಲ್ಲದ್ದನ್ನು ಬರೆದೆ. ಹಳೆಯ ನೋಟ್‌ಬುಕ್ಕಿನಲ್ಲಿ. ಎರಡು ಪುಟ ಆಯಿತು. ಅವಳ ಶಾಲೆಯ ಚೀಲ ಈ ಜೂನ್‌ನಲ್ಲಿ ಕೊಳ್ಳಬೇಕಿತ್ತು, ಅಲ್ಲಿಂದ ಶುರು. ದೇವರ ಮೇಲಿನ ಸಿಟ್ಟನ್ನೂ ಬರೆದೆ. ಬರೆಯುತ್ತಾ ಬರೆಯುತ್ತಾ ಒಂದು ಕಡೆ "ನಾಲ್ಕು ವರ್ಷ ಎರಡು ತಿಂಗಳು ಇದ್ದಳು" ಅಂತ ಬಂತು. ನಾನು ಅದನ್ನು ನಷ್ಟದ ಪಟ್ಟಿಯಲ್ಲೇ ಬರೆದದ್ದು. ಆದರೆ ಆ ಸಾಲು ಅಲ್ಲಿ ಕೂರಲಿಲ್ಲ. ಹಾಳೆ ತಿರುಗಿಸಿ, ಹೊಸ ಪುಟದಲ್ಲಿ ಅದೊಂದನ್ನೇ ಮತ್ತೆ ಬರೆದೆ.

ಇದಕ್ಕೆ ಸ್ತೋತ್ರ ಅನ್ನಬಹುದಾ ಗೊತ್ತಿಲ್ಲ. ಅವಳು ಹೋದದ್ದಕ್ಕೆ ನಾನು ಯಾವತ್ತೂ ಸ್ತೋತ್ರ ಹೇಳುವುದಿಲ್ಲ. ಇದ್ದದ್ದಕ್ಕೆ, ಹೌದು. ದಯವಿಟ್ಟು ಇದಕ್ಕೆ ಯಾರೂ ಉತ್ತರ ಬರೆಯಬೇಡಿ.

ಹಾಲಿನ ಕ್ಯಾಲೆಂಡರ್ (ದಾವಣಗೆರೆ)

ನಿಮ್ಮೆಲ್ಲರ ಮಾತನ್ನು ಇವತ್ತು ಮಧ್ಯಾಹ್ನ ಮಾವನವರಿಗೆ ಓದಿ ಹೇಳಿದೆ. ಕೊನೆಯದನ್ನು ಬಿಟ್ಟು. ಅದನ್ನು ಬರೆದವರು ಕೇಳಿದ ಹಾಗೆ ಅದರ ಬಗ್ಗೆ ಸುಮ್ಮನಿರುತ್ತೇನೆ.

ತೆನೆಯ ಭಾಗ ಬಂದಾಗ ಮಾವನವರು ಎಡಗೈಯಿಂದ ಮಂಚದ ಪಟ್ಟಿ ತಟ್ಟಿದರು. ಮತ್ತೆ ಓದು ಅಂತಲಾ, ಸಾಕು ಅಂತಲಾ ನನಗೆ ತಿಳಿಯಲಿಲ್ಲ. ಮತ್ತೆ ಓದಿದೆ. ಮತ್ತೆ ತಟ್ಟಿದರು. ಅವರೂ ಗದ್ದೆ ಮಾಡಿದವರು, ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆದವರು. ಸಂಜೆ ನಮ್ಮ ಯಜಮಾನರು ಅಟ್ಟದಿಂದ ಒಂದು ಹಿಡಿ ಭತ್ತ ತಂದು ಅವರ ಎಡ ಅಂಗೈಗೆ ಹಾಕಿದರು. ಬೆರಳು ಮಡಚಿ ಹಿಡಿದುಕೊಂಡರು. ಮಲಗುವಾಗಲೂ ಬಿಡಲಿಲ್ಲ, ಹಾಸಿಗೆ ತುಂಬ ಭತ್ತ ಈಗ.

ಕ್ಯಾಲೆಂಡರ್‌ನಲ್ಲಿ ಖಾಲಿ ಇದ್ದ ಮೂರು ಚೌಕಗಳನ್ನು ಹಾಗೇ ಬಿಟ್ಟಿದ್ದೇನೆ. ಇವತ್ತಿನ ಚೌಕವನ್ನು ಮಾತ್ರ ನಮ್ಮ ಯಜಮಾನರಿಗೆ ಬರೆಯಲು ಹೇಳಿದೆ. ಅವರು ಮೊದಲು "1 ಲೀ." ಅಂತ ಬರೆದು, ಪೆನ್ನು ಹಿಡಿದು ಇನ್ನೂ ಅಲ್ಲೇ ನಿಂತಿದ್ದಾರೆ. ಹತ್ತು ಗಂಟೆ ಆಯಿತು, ಅಲಾರಂ ಹೊಡೆಯಿತು. ಹಾಸಿಗೆ ಕೊಡವಿ ಮಗ್ಗುಲು ಬದಲಿಸಬೇಕು. ನಾಳೆ ಬರೆಯುತ್ತೇನೆ.